ಮೂರು ಸಾವಿರ ಸುತ್ತಿನ ನಡುಕ

ನಿಧಾನವಾಗಿ ಓಡಿಸಿದರೆ ಸುಮ್ಮನಿರುತ್ತದೆ. ಆರ್‌ಪಿಎಂ ಮುಳ್ಳು ಮೂರು ಸಾವಿರ ದಾಟಿತೋ, ಸ್ಟಿಯರಿಂಗು, ಗೇರ್ ಕಡ್ಡಿ, ಸೀಟು ಎಲ್ಲ ಝುಮ್ಮೆನ್ನತೊಡಗುತ್ತವೆ. ಹಳೆಯ ಪೋರ್ಷೆ 944 ಇಟ್ಟುಕೊಂಡವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಇದು. ದೂರಿನ ಬೆನ್ನಿಗೇ ಒಂದು ಪಟ್ಟಿಯೂ ಬರುತ್ತದೆ: ಟೈರು ಬದಲಿಸಿದ್ದಾಯಿತು, ಎಂಜಿನ್ ಮೌಂಟ್ ಬದಲಿಸಿದ್ದಾಯಿತು, ಪ್ಲಗ್ಗು ವೈರುಗಳೂ ಹೊಸವು, ಆದರೂ ನಡುಕ ಹೋಗಿಲ್ಲ. ಇಂಥ ಪಟ್ಟಿ ಕಂಡಾಗೆಲ್ಲ ನನಗೆ ಸಂಕಟವಾಗುತ್ತದೆ. ನಲವತ್ತು ವರ್ಷದ ಕಾರಿನ ಮೇಲೆ ಪ್ರೀತಿಯಿಟ್ಟು ಖರ್ಚು ಮಾಡಿದವರು ಇವರು. ಆ ಖರ್ಚಿನಲ್ಲಿ ಹೆಚ್ಚಿನ ಪಾಲು, ತಪ್ಪು ಎಲ್ಲಿದೆಯೆಂದು ಹುಡುಕುವ ಮೊದಲೇ ಕೊಂಡ ಬಿಡಿಭಾಗಗಳಿಗೆ ಹೋಗಿರುತ್ತದೆ.

ಕಾರಿನಲ್ಲಿ ತಿರುಗುವ ಪ್ರತಿ ಭಾಗಕ್ಕೂ ತನ್ನದೇ ವೇಗವಿದೆ. ಕೆಟ್ಟದ್ದು ಯಾವುದೋ, ನಡುಕ ಅದರ ವೇಗಕ್ಕೇ ಹೆಜ್ಜೆ ಹಾಕುತ್ತದೆ. ಆದ್ದರಿಂದ ಮೊದಲು ತಿಳಿಯಬೇಕಾದದ್ದು, ಈ ನಡುಕ ರಸ್ತೆಯ ವೇಗವನ್ನು ಹಿಂಬಾಲಿಸುತ್ತಿದೆಯೋ ಎಂಜಿನ್ನಿನ ವೇಗವನ್ನೋ ಎಂಬುದು. ಇದಕ್ಕೆ ಒಂದು ಸ್ಪ್ಯಾನರೂ ಬೇಕಿಲ್ಲ. ವಾಹನಗಳಿಲ್ಲದ ಹೆದ್ದಾರಿಯಲ್ಲಿ ಐದನೇ ಗೇರಿನಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗಿ, ಅದೇ ವೇಗದಲ್ಲಿ ಮೂರನೇ ಗೇರಿಗೆ ಇಳಿಸಿ. 944ರ ಎಂಜಿನ್ ಐದನೇ ಗೇರಿನಲ್ಲಿ 2,100ರ ಆಸುಪಾಸಿನಲ್ಲಿದ್ದದ್ದು ಮೂರರಲ್ಲಿ ಸುಮಾರು 3,700ಕ್ಕೆ ಏರುತ್ತದೆ. ಚಕ್ರಗಳದು ಮಾತ್ರ ಎರಡೂ ಸಲ ಒಂದೇ ವೇಗ, ಸೆಕೆಂಡಿಗೆ ಹನ್ನೊಂದು ಸುತ್ತು. ಗೇರು ಬದಲಾದರೂ ನಡುಕ ಬದಲಾಗದಿದ್ದರೆ ಟೈರು, ರಿಮ್ಮು, ಚಕ್ರದ ಬೇರಿಂಗು, ಹಿಂದಿನ ಡ್ರೈವ್ ಶಾಫ್ಟುಗಳ ಕಡೆ ನೋಡಬೇಕು. ಗೇರಿನ ಜೊತೆ ನಡುಕವೂ ಬದಲಾಯಿತೆಂದರೆ ವೀಲ್ ಬ್ಯಾಲೆನ್ಸಿಂಗಿಗೆ ಕೊಡುವ ದುಡ್ಡು ದಂಡ. ಕಾರು ನಿಂತಿರುವಾಗಲೇ ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಮೂರು ಸಾವಿರಕ್ಕೆ ಏರಿಸಿದಾಗ ನಡುಕ ಬಂದರಂತೂ ಚಕ್ರಗಳ ಮಾತೇ ಬೇಡ.

944ನ್ನೇ ಇಲ್ಲಿ ಆರಿಸಿಕೊಂಡಿದ್ದೇನೆ. ಎಂಜಿನ್ನಿನ ನಡುಕವನ್ನು ಅರ್ಥಮಾಡಿಕೊಳ್ಳಲು ಇಷ್ಟು ಒಳ್ಳೆಯ ಕಾರು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 1980ರ ದಶಕದ ಆರಂಭದಲ್ಲಿ ಬಂದು 1991ರವರೆಗೆ ತಯಾರಾದ ಈ ಕಾರು ಪೋರ್ಷೆಯ ತವರಾದ ಸ್ಟುಟ್‌ಗಾರ್ಟಿನಲ್ಲಲ್ಲ, ಹೆಚ್ಚಾಗಿ ನೆಕರ್‌ಸುಲ್ಮ್‌ನ ಆಡಿ ಕಾರ್ಖಾನೆಯಲ್ಲಿ ಜೋಡಣೆಯಾಯಿತು. ಪೋರ್ಷೆಯ 928ರಲ್ಲಿದ್ದ ವಿ8 ಎಂಜಿನ್ನಿನ ಒಂದು ಪಕ್ಕವನ್ನು ಆಧಾರವಾಗಿಟ್ಟುಕೊಂಡು ಇದರ ನಾಲ್ಕು ಸಿಲಿಂಡರಿನ ಎಂಜಿನ್ ರೂಪಿಸಿದರು. 2,479 ಸಿಸಿ, ಪಿಸ್ಟನ್ನಿನ ಅಗಲ 100 ಮಿ.ಮೀ., ಓಡಾಟ 78.9 ಮಿ.ಮೀ. ನಾಲ್ಕೇ ಸಿಲಿಂಡರಿಗೆ ಇದು ದೊಡ್ಡ ಗಾತ್ರ. ತೊಡಕು ಶುರುವಾಗುವುದೂ ಇಲ್ಲೇ.

ನಾಲ್ಕು ಸಿಲಿಂಡರು ಸಾಲಾಗಿ ನಿಂತ ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೇರುವಾಗ ಎರಡು ಕೆಳಗಿಳಿಯುತ್ತವೆ. ಒಂದು ಜೋಡಿಯ ಜಗ್ಗಾಟವನ್ನು ಇನ್ನೊಂದು ಜೋಡಿ ಹೊಡೆದುಹಾಕಬೇಕು. ಬಹುಪಾಲು ಹೊಡೆದುಹಾಕುತ್ತದೆ, ಪೂರ್ತಿ ಅಲ್ಲ. ಕನೆಕ್ಟಿಂಗ್ ರಾಡು ಓರೆಯಾಗುತ್ತ ಹೋಗುವುದರಿಂದ ಪಿಸ್ಟನ್ ತನ್ನ ದಾರಿಯ ಮೇಲಿನ ಅರ್ಧವನ್ನು ಕೆಳಗಿನ ಅರ್ಧಕ್ಕಿಂತ ಬೇಗ ದಾಟುತ್ತದೆ. ಹೀಗಾಗಿ ಮೇಲ್ತುದಿಯಲ್ಲಿ ದಿಕ್ಕು ಬದಲಿಸುವ ಜೋಡಿಯ ಬಲ ಕೆಳತುದಿಯಲ್ಲಿ ಬದಲಿಸುವ ಜೋಡಿಯದಕ್ಕಿಂತ ಹೆಚ್ಚು. ಉಳಿದುಬಿಡುವ ಈ ಬಲ, ಕ್ರ್ಯಾಂಕ್‌ಶಾಫ್ಟ್ ಒಂದು ಸುತ್ತು ಬರುವಷ್ಟರಲ್ಲಿ ಇಡೀ ಎಂಜಿನ್ನನ್ನು ಎರಡು ಸಲ ಮೇಲಕ್ಕೂ ಕೆಳಕ್ಕೂ ಎಳೆದಾಡುತ್ತದೆ. 3,000 ಆರ್‌ಪಿಎಂ ಎಂದರೆ ಸೆಕೆಂಡಿಗೆ 50 ಸುತ್ತು. ಎಳೆದಾಟ ಸೆಕೆಂಡಿಗೆ 100 ಸಲ. ಈ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಮೂರು ಸಾವಿರದಲ್ಲಿ ಇದ್ದದ್ದು ಆರು ಸಾವಿರದಲ್ಲಿ ನಾಲ್ಕು ಪಟ್ಟಾಗುತ್ತದೆ. ಪಿಸ್ಟನ್ ದೊಡ್ಡದಾದಷ್ಟೂ, ಭಾರವಾದಷ್ಟೂ ಇದು ಹೆಚ್ಚು. ಸಾವಿರದ ಇನ್ನೂರು ಸಿಸಿಯ ಮನೆಕಾರಿನಲ್ಲಿ ಗಮನಕ್ಕೆ ಬಾರದೆ ಹೋಗುವ ಉಳಿಕೆ, ಎರಡೂವರೆ ಲೀಟರಿನ ಎಂಜಿನ್ನಿನಲ್ಲಿ ಮೂಳೆಗೆ ತಾಗುತ್ತದೆ.

ಇದಕ್ಕೆ ಪರಿಹಾರವನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನ ಫ್ರೆಡ್ರಿಕ್ ಲ್ಯಾಂಚೆಸ್ಟರ್ ಎಂಬ ಎಂಜಿನಿಯರ್ ಕಂಡುಹಿಡಿದಿದ್ದರು. ಒಂದು ಬದಿಗೆ ಭಾರವಿಟ್ಟ ಎರಡು ಶಾಫ್ಟುಗಳನ್ನು ಕ್ರ್ಯಾಂಕಿನ ಎರಡು ಪಟ್ಟು ವೇಗದಲ್ಲಿ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗಿಸುವುದು. ಅಡ್ಡಕ್ಕೆ ಅವುಗಳ ಎಳೆತ ಪರಸ್ಪರ ಕಳೆದುಹೋಗುತ್ತದೆ, ಲಂಬಕ್ಕೆ ಕೂಡಿಕೊಂಡು ಪಿಸ್ಟನ್‌ಗಳ ಉಳಿಕೆ ಬಲದ ಎದುರು ನಿಲ್ಲುತ್ತದೆ. 1970ರ ದಶಕದಲ್ಲಿ ಜಪಾನಿನ ಮಿತ್ಸುಬಿಷಿ ಇದನ್ನು ಇನ್ನಷ್ಟು ಸುಧಾರಿಸಿತು. ಎರಡು ಶಾಫ್ಟುಗಳಲ್ಲಿ ಒಂದನ್ನು ಮೇಲೆ, ಇನ್ನೊಂದನ್ನು ಕೆಳಗೆ ಇಟ್ಟದ್ದರಿಂದ ಎಂಜಿನ್ ಪಕ್ಕಕ್ಕೆ ಹೊರಳಾಡುವುದೂ ತಗ್ಗಿತು. ಪೋರ್ಷೆ ತನ್ನ ಎಂಜಿನಿಯರುಗಳ ಹೆಮ್ಮೆಯನ್ನು ಬದಿಗಿಟ್ಟು ಮಿತ್ಸುಬಿಷಿಯಿಂದ ಪರವಾನಗಿ ಪಡೆದು ಈ ಏರ್ಪಾಟನ್ನು 944ಕ್ಕೆ ಹಾಕಿತು. ಒಳ್ಳೆಯದು ಬೇರೆಯವರ ಬಳಿ ಇದ್ದರೆ ಹಣ ಕೊಟ್ಟು ತರುವುದು ದೊಡ್ಡತನವೇ. ನಮ್ಮ ರಸ್ತೆಗಳಲ್ಲೂ ಇದರ ಹತ್ತಿರದ ನೆಂಟನಿದ್ದಾನೆ: ರಾಯಲ್ ಎನ್‌ಫೀಲ್ಡ್ 2020ರಲ್ಲಿ ತಂದ ಮೀಟಿಯರ್ 350ರಲ್ಲಿ ಬ್ಯಾಲೆನ್ಸರ್ ಶಾಫ್ಟ್ ಇದೆ. ಹಳೆಯ ಬುಲೆಟ್ ಓಡಿಸಿ ಕೈ ಮರಗಟ್ಟಿಸಿಕೊಂಡವರು ಅದನ್ನು ಹತ್ತಿದರೆ ವ್ಯತ್ಯಾಸವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿರುವುದು ಒಂದೇ ಸಿಲಿಂಡರಾದ್ದರಿಂದ ಲೆಕ್ಕ ಬೇರೆ, ಶಾಫ್ಟು ತಿರುಗುವುದು ಕ್ರ್ಯಾಂಕಿನ ವೇಗಕ್ಕೇ. ತತ್ವ ಮಾತ್ರ ಅದೇ.

944ರ ಎಂಜಿನ್ ಮುಂದೆ ಹಲ್ಲುಗಳಿರುವ ಎರಡು ಬೆಲ್ಟುಗಳಿವೆ. ಒಂದು ಕ್ಯಾಮ್‌ಶಾಫ್ಟನ್ನೂ ವಾಟರ್ ಪಂಪನ್ನೂ ತಿರುಗಿಸುತ್ತದೆ. ಇನ್ನೊಂದು ಎರಡೂ ಬ್ಯಾಲೆನ್ಸ್ ಶಾಫ್ಟುಗಳದು. ಕ್ಯಾಮ್ ಬೆಲ್ಟು ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಆದ್ದರಿಂದ ಎರಡು ಬೆಲ್ಟನ್ನೂ ಕೆಲವು ವರ್ಷಗಳಿಗೊಮ್ಮೆ ಬದಲಿಸಲೇಬೇಕು. ಬದಲಿಸುವಾಗ ಕ್ಯಾಮ್ ಗುರುತಿನ ಮೇಲೆ ಎಲ್ಲರಿಗೂ ಕಣ್ಣು, ಯಾಕೆಂದರೆ ಅದು ತಪ್ಪಿದರೆ ಎಂಜಿನ್ನೇ ಹೋಗುತ್ತದೆ. ಬ್ಯಾಲೆನ್ಸ್ ಶಾಫ್ಟಿನ ಗುರುತು ತಪ್ಪಿದರೆ ಎಂಜಿನ್ ಆರಾಮಾಗಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಪೂರ್ತಿ ಶಕ್ತಿಯನ್ನೂ ಕೊಡುತ್ತದೆ. ಕೊಡದೇ ಇರುವುದು ನೆಮ್ಮದಿಯನ್ನು ಮಾತ್ರ. ಶಾಫ್ಟು ಅರ್ಧ ಸುತ್ತು ತಪ್ಪಿ ಕೂತರಂತೂ ಎದುರು ನಿಲ್ಲಬೇಕಾದ ಭಾರ ಉಳಿಕೆ ಬಲದ ಪಕ್ಷವನ್ನೇ ಸೇರಿಕೊಳ್ಳುತ್ತದೆ. ಶಾಫ್ಟೇ ಇಲ್ಲದ ಎಂಜಿನ್ನಿಗಿಂತ ಅದು ಹೆಚ್ಚು ನಡುಗುತ್ತದೆ. ಮೇಲಿನ ಶಾಫ್ಟಿನ ಹಲ್ಲುಗಾಲಿಗೂ ಕೆಳಗಿನದಕ್ಕೂ ಬೇರೆ ಬೇರೆ ಗುರುತುಗಳಿವೆ. ಇವನ್ನು ಕಳಚಿ ಮತ್ತೆ ಕೂರಿಸುವಾಗ ಕೀಲಿ ತಪ್ಪು ತೋಡಿಗೆ ಹೋದರೆ ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಆದ್ದರಿಂದ ನಡುಕದ ದೂರು ಹೊತ್ತು ಬಂದವರನ್ನು ನಾನು ಮೊದಲು ಕೇಳುವುದು ಇಷ್ಟೇ: ನಡುಕ ಶುರುವಾಗುವ ಮುನ್ನ ಕಾರಿಗೆ ಕೊನೆಯದಾಗಿ ಮಾಡಿಸಿದ ಕೆಲಸ ಯಾವುದು? ಬೆಲ್ಟ್ ಬದಲಿಸಿದ ವಾರದಿಂದ ಎಂದರೆ ಬೇರೆಲ್ಲೂ ಹೋಗುವುದು ಬೇಡ. ಮುಂದಿನ ಕವರು ಬಿಚ್ಚಿ, ಮೊದಲನೇ ಪಿಸ್ಟನ್ನನ್ನು ಮೇಲ್ತುದಿಗೆ ತಂದು, ಎರಡೂ ಶಾಫ್ಟುಗಳ ಗುರುತು ಹಿಂದಿನ ಕವರಿನ ಕಚ್ಚಿಗೆ ನೇರವಾಗಿದೆಯೇ ನೋಡಬೇಕು. ಬೆಲ್ಟಿನ ಬಿಗಿಯನ್ನೂ ಆಗಲೇ ಪರೀಕ್ಷಿಸಬೇಕು. ಬ್ಯಾಲೆನ್ಸ್ ಬೆಲ್ಟು ಕ್ಯಾಮ್ ಬೆಲ್ಟಿನಷ್ಟು ಬಿಗಿಯಾಗಿರಬಾರದು. ಬಿಗಿಯಾದರೆ ವೇಗದ ಜೊತೆ ಏರುವ ಒಂದು ಕೀರಲು ದನಿ ಬರುತ್ತದೆ, ಬೇರಿಂಗುಗಳೂ ಸವೆಯುತ್ತವೆ. ಆ ಬೆಲ್ಟನ್ನೇ ಕಿತ್ತು ಬಿಸಾಡುವ ಚಾಳಿಯೂ ಕೆಲವೆಡೆ ಇದೆ. ರೇಸ್ ಓಡಿಸುವವರು ಒಂದಷ್ಟು ಶಕ್ತಿ ಉಳಿಯಲಿ, ಹರಿಯುವ ಭಾಗವೊಂದು ಕಡಿಮೆಯಾಗಲಿ ಎಂದು ಹಾಗೆ ಮಾಡುತ್ತಾರೆ. ರಸ್ತೆಯ ಕಾರಿಗೆ ಅದು ಅನ್ಯಾಯ. ಸೆಕೆಂಡಿಗೆ ನೂರಾರು ಸಲದ ಅದುರಾಟ ಬ್ರ್ಯಾಕೆಟ್ಟುಗಳನ್ನು, ಬೋಲ್ಟುಗಳನ್ನು, ವಿದ್ಯುತ್ ಜೋಡಣೆಗಳನ್ನು ವರ್ಷಗಟ್ಟಲೆ ತಿನ್ನುತ್ತದೆ. ಹಳೆಯ 944 ಕೊಳ್ಳುವವರು ಆ ಬೆಲ್ಟು ಇದೆಯೇ ಎಂದು ಕವರು ತೆಗೆಸಿ ನೋಡುವುದು ಒಳ್ಳೆಯದು.

ಬೆಲ್ಟಿನ ಕೆಲಸ ಈಚೆಗೆ ಆಗಿಲ್ಲವೆಂದರೆ? ಆಗ ಕ್ಲಚ್ ಪೆಡಲಿನ ಸರದಿ. ಈ ಕಾರಿನ ವಿನ್ಯಾಸ ತನ್ನ ಮಾಲೀಕನಿಗೆ ಪುಕ್ಕಟೆಯಾಗಿ ಕೊಟ್ಟ ಪರೀಕ್ಷೆಯೊಂದಿದೆ. 944ರ ಎಂಜಿನ್ ಮುಂದಿದೆ, ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ನಡುವೆ ಇದೆ. ಎರಡನ್ನೂ ಟಾರ್ಕ್ ಟ್ಯೂಬ್ ಎಂಬ ಗಟ್ಟಿ ಕೊಳವೆ ಸೇರಿಸುತ್ತದೆ. ಅದರೊಳಗೆ ಬೇರಿಂಗುಗಳ ಮೇಲೆ ಒಂದು ಉದ್ದ ಶಾಫ್ಟು ತಿರುಗುತ್ತದೆ. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಸಾಮಾನ್ಯ ಕಾರುಗಳಲ್ಲಿ ಉದ್ದ ಶಾಫ್ಟು ಗೇರ್‌ಬಾಕ್ಸಿನ ಆಚೆಗಿರುತ್ತದೆ, ಹಾಗಾಗಿ ರಸ್ತೆಯ ವೇಗಕ್ಕೆ ತಿರುಗುತ್ತದೆ. ಇಲ್ಲಿ ಗೇರ್‌ಬಾಕ್ಸಿಗಿಂತ ಮೊದಲೇ ಇರುವುದರಿಂದ ಅದು ಸದಾ ಎಂಜಿನ್ನಿನ ವೇಗದಲ್ಲೇ, ನ್ಯೂಟ್ರಲ್‌ನಲ್ಲಿ ನಿಂತಿದ್ದಾಗಲೂ, ಸುತ್ತುತ್ತಿರುತ್ತದೆ. ಬೇರೆ ಕಾರುಗಳಲ್ಲಿ ಪಳಗಿದ ಮೆಕ್ಯಾನಿಕ್ಕು ದಾರಿ ತಪ್ಪುವುದು ಇಲ್ಲಿಯೇ. ನಡುಕ ಎಂಜಿನ್ ವೇಗಕ್ಕೆ ಬರುತ್ತಿದೆ ಎಂದಾಕ್ಷಣ ಶಾಫ್ಟನ್ನು ಪಟ್ಟಿಯಿಂದ ಬಿಟ್ಟುಬಿಡುತ್ತಾನೆ.

ಪರೀಕ್ಷೆ ಹೀಗೆ. ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿಟ್ಟು, ನಡುಕ ಬರುವ ಆರ್‌ಪಿಎಂಗೆ ಎಂಜಿನ್ನನ್ನು ತನ್ನಿ. ಮುಳ್ಳನ್ನು ಅಲ್ಲೇ ಹಿಡಿದುಕೊಂಡು ಕ್ಲಚ್ಚನ್ನು ಪೂರ್ತಿ ಒತ್ತಿ. ಕ್ಲಚ್ ಇರುವುದು ಎಂಜಿನ್ ಪಕ್ಕದಲ್ಲೇ. ಒತ್ತಿದೊಡನೆ ಕ್ಲಚ್ ಡಿಸ್ಕು, ಟಾರ್ಕ್ ಟ್ಯೂಬಿನ ಶಾಫ್ಟು, ಗೇರ್‌ಬಾಕ್ಸಿನ ಒಳಶಾಫ್ಟು ಎಲ್ಲ ಎಂಜಿನ್ನಿನಿಂದ ಬಿಡಿಸಿಕೊಂಡು ನಿಲ್ಲುತ್ತವೆ. ನಡುಕವೂ ನಿಂತರೆ ತಪ್ಪು ಅವುಗಳಲ್ಲಿದೆ. ನಿಲ್ಲದಿದ್ದರೆ ಎಂಜಿನ್, ಫ್ಲೈವೀಲ್, ಪ್ರೆಷರ್ ಪ್ಲೇಟ್, ಮೌಂಟು ಅಥವಾ ಮುಂದಿನ ಬೆಲ್ಟಿಗೆ ತಗುಲಿಕೊಂಡ ಭಾಗಗಳಲ್ಲಿದೆ. ಇಡೀ ಕಾರು ಒಂದೇ ನಿಮಿಷದಲ್ಲಿ ಎರಡು ಪಾಲಾಯಿತು. ಒಂದು ಎಚ್ಚರಿಕೆ: ಪ್ರೆಷರ್ ಪ್ಲೇಟು ಫ್ಲೈವೀಲಿಗೇ ಬಿಗಿದುಕೊಂಡಿರುವುದರಿಂದ ಪೆಡಲ್ ಒತ್ತಿದರೂ ತಿರುಗುತ್ತಲೇ ಇರುತ್ತದೆ. ಕ್ಲಚ್ ಬದಲಿಸಿದ ಮೇಲೆ ಬಂದ ನಡುಕ ಪೆಡಲ್ ಒತ್ತಿದಾಗಲೂ ಹೋಗದಿದ್ದರೆ ಅದನ್ನು ಅನುಮಾನಿಸಲೇಬೇಕು.

ಪೆಡಲ್ ಒತ್ತಿದಾಗ ನಿಲ್ಲುವ ನಡುಕದ ಜೊತೆ ಒಣ ಲೋಹದ ಕರಕರವೂ ಇದ್ದರೆ ಟಾರ್ಕ್ ಟ್ಯೂಬಿನ ಬೇರಿಂಗುಗಳ ಗ್ರೀಸು ಆರಿಹೋಗಿರುವುದು ಹೆಚ್ಚು ಸಂಭವ. ಹಿಂದಿನ 944ಗಳ ಕ್ಲಚ್ ಡಿಸ್ಕಿನ ನಡುಭಾಗ ರಬ್ಬರಿನದು. ಆಘಾತ ಹೀರಲೆಂದು ಹಾಗೆ ಮಾಡಿದ್ದರು. ವಯಸ್ಸಾದ ರಬ್ಬರು ಬಿರುಕುಬಿಟ್ಟು ಒಂದು ಕಡೆ ಜಗ್ಗಿದರೆ ಅದೂ ನಡುಗಿಸುತ್ತದೆ. ಪೂರ್ತಿ ಹರಿದರೆ ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ. ಈ ಕಾರಿನಲ್ಲಿ ಕ್ಲಚ್ ಬದಲಿಸುವುದು ಭಾರೀ ಕೆಲಸ. ಸೈಲೆನ್ಸರ್ ಕೊಳವೆ ಬಿಚ್ಚಿ, ಹಿಂದಿನ ಗೇರ್‌ಬಾಕ್ಸ್ ಇಳಿಸಿ, ಟಾರ್ಕ್ ಟ್ಯೂಬನ್ನು ಹಿಂದಕ್ಕೆ ಸರಿಸಿದ ಮೇಲಷ್ಟೇ ಕ್ಲಚ್ ಕಾಣುವುದು. ಅಷ್ಟೆಲ್ಲ ಬಿಚ್ಚಿದ ಮೇಲೆ ಟ್ಯೂಬಿನ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡದೆ ಮತ್ತೆ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಎಂಜಿನ್ನಿನ ಪಾಲಿಗೆ ಬಂದರೆ, ಮೊದಲು ಅಗ್ಗದ ಪರೀಕ್ಷೆ. ಆಲ್ಟರ್ನೇಟರ್, ಏಸಿ ಕಂಪ್ರೆಸರ್, ಪವರ್ ಸ್ಟಿಯರಿಂಗ್ ಪಂಪುಗಳ ಹೊರಬೆಲ್ಟುಗಳನ್ನು ತೆಗೆದು ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸುವುದು. ವಾಟರ್ ಪಂಪು ಕ್ಯಾಮ್ ಬೆಲ್ಟಿನಲ್ಲಿರುವುದರಿಂದ ನೀರಿನ ಹರಿವು ನಿಲ್ಲುವುದಿಲ್ಲ. ನಡುಕ ಹೋಯಿತೆಂದರೆ ಒಂದೊಂದೇ ಬೆಲ್ಟನ್ನು ಮತ್ತೆ ಹಾಕುತ್ತ ಬರಬೇಕು.

ಆಮೇಲೆ ಮೌಂಟುಗಳು. 944ರ ಎಂಜಿನ್ ಕೂತಿರುವುದು ಒಳಗೆ ದ್ರವ ತುಂಬಿದ ಎರಡು ರಬ್ಬರ್ ಮೌಂಟುಗಳ ಮೇಲೆ. ಎಗ್ಸಾಸ್ಟ್ ಬದಿಯದಕ್ಕೆ ಬಿಸಿ ತಗಲಿ ಬೇಗ ಹಾಳಾಗುತ್ತದೆ. ದ್ರವ ಸೋರುತ್ತದೆ, ರಬ್ಬರು ಲೋಹದಿಂದ ಬಿಡುತ್ತದೆ, ಎಂಜಿನ್ ಕೆಳಗೆ ಕುಸಿಯುತ್ತದೆ. ಗ್ಯಾರೇಜಿನಲ್ಲಿ ಮೇಲಿನಿಂದ ಹಾಯ್ಸ್ಟ್ ಕಟ್ಟಿ ಎಂಜಿನ್ನಿನ ಭಾರವನ್ನು ತುಸುವೇ ಎತ್ತಿ ಹಿಡಿದಾಗ ಐಡಲ್ ನಡುಕ ತಗ್ಗಿದರೆ ಮೌಂಟು ಹೋಗಿದೆ ಎಂದರ್ಥ. ಹಿಂದೆ ಗೇರ್‌ಬಾಕ್ಸನ್ನು ಹೊತ್ತ ಮೌಂಟನ್ನೂ ಮರೆಯಬಾರದು. ಆದರೆ ಕೆಟ್ಟ ಮೌಂಟು ನಡುಕವನ್ನು ಹುಟ್ಟಿಸುವುದಿಲ್ಲ, ಹುಟ್ಟಿದ ನಡುಕವನ್ನು ತಡೆಯುವುದಿಲ್ಲ ಅಷ್ಟೇ. ಕೆಟ್ಟ ಮೌಂಟಿನಿಂದ ಹೆಚ್ಚು ಬಳಲುವುದು ಐಡಲ್ ಮತ್ತು ಕೆಳಗಿನ ವೇಗ. ಮೂರು ನಾಲ್ಕು ಸಾವಿರಕ್ಕೆ ಏರುತ್ತ ಬಲಿಯುವ ನಡುಕಕ್ಕೆ ಮೌಂಟೊಂದನ್ನೇ ದೂರಿ ಬಿಲ್ ಬರೆಯುವ ಮೆಕ್ಯಾನಿಕ್ಕಿಗೆ, ಯಾಕೆ ಹಾಗೆಂದು ಕೇಳುವ ಹಕ್ಕು ಗ್ರಾಹಕನಿಗಿದೆ.

ಒಂದು ಸಿಲಿಂಡರು ಸರಿಯಾಗಿ ಉರಿಯದಿದ್ದರೆ ಬರುವ ನಡುಕದ ಸ್ವಭಾವ ಬೇರೆ. ಪ್ರತಿ ಸಿಲಿಂಡರು ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಆದ್ದರಿಂದ ಒಂದು ತಪ್ಪಿದರೆ ಹೊಡೆತ ಎಂಜಿನ್ ವೇಗದ ಅರ್ಧಕ್ಕೆ ಬರುತ್ತದೆ: 900 ಆರ್‌ಪಿಎಂನಲ್ಲಿ ಸೆಕೆಂಡಿಗೆ ಏಳೂವರೆ ಸಲ. ಅದನ್ನು ಸೀಟಿನಲ್ಲಿ ಕೂತವರು ಹೆಚ್ಚುಕಮ್ಮಿ ಎಣಿಸಬಹುದು. ಗಾಡಿ ಕುಲುಕುತ್ತದೆ, ಝುಮ್ಮೆನ್ನುವುದಿಲ್ಲ. ಭಾರ ಬಿದ್ದಾಗ, ಏರು ಹತ್ತುವಾಗ ಜೋರಾಗುತ್ತದೆ. ಡಿಸ್ಟ್ರಿಬ್ಯೂಟರ್ ಕ್ಯಾಪು, ರೋಟರು, ಪ್ಲಗ್ ವೈರು, ಇಂಜೆಕ್ಟರು, ಗಾಳಿ ಸೋರುವ ರಬ್ಬರ್ ಪೈಪು, ಇವು ಆಗ ನೋಡಬೇಕಾದವು. 944ರ ಕಿಡಿಯನ್ನೂ ಇಂಧನವನ್ನೂ ಆಳುವುದು ಬಾಷ್ ಕಂಪನಿಯ ಮೋಟ್ರಾನಿಕ್. ಬೆಂಗಳೂರಿನವರು ಆಡುಗೋಡಿಯ ಮೈಕೋ ಎಂದು ಬಲ್ಲ ಬಾಷ್ ಅದೇ.

ವೇಗದೊಡನೆ ಏರುತ್ತಲೇ ಹೋಗುವ ನಡುಕವನ್ನೂ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಬಂದು ಹೋಗುವ ನಡುಕವನ್ನೂ ಬೇರೆಯಾಗಿ ನೋಡಬೇಕು. ಮೊದಲನೆಯದು ತೂಕದ ಏರುಪೇರು. ಎರಡನೆಯದು ಅನುರಣನ: ಮಿಕ್ಸಿ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಕಪಾಟಿನ ತಟ್ಟೆಯೊಂದು ಮಾತ್ರ ಗಲಗಲ ಎಂದು, ವೇಗ ಏರಿದೊಡನೆ ಸುಮ್ಮನಾಗುವಂತೆ. 3,200ರಲ್ಲಿ ಬಂದು 3,600ರಲ್ಲಿ ಮಾಯವಾಗುವ ಸದ್ದಿಗೆ ಎಂಜಿನ್ ಬಿಚ್ಚಬೇಡಿ. ಎಗ್ಸಾಸ್ಟಿನ ಶಾಖ ತಡೆಯುವ ತಗಡು ಸಡಿಲವಾಗಿದೆಯೋ, ಕೊಳವೆ ಕಾರಿನ ತಳಕ್ಕೆ ತಾಗುತ್ತಿದೆಯೋ, ಕೊಳವೆ ತೂಗುಹಾಕಿದ ರಬ್ಬರು ಹರಿದಿದೆಯೋ ನೋಡಿ.

ಈಗ ಜೇಬಿನ ಫೋನೂ ಸಹಾಯಕ್ಕೆ ಬರುತ್ತದೆ. ಕಂಪನದ ಆವರ್ತನವನ್ನು ತೋರಿಸುವ ಆ್ಯಪ್ ಹಾಕಿ ಫೋನನ್ನು ಸೀಟಿನ ಕಂಬಿಗೆ ಒತ್ತಿ ಹಿಡಿದರೆ, ಎತ್ತರದ ಗೆರೆ ಯಾವ ಸಂಖ್ಯೆಯ ಮೇಲಿದೆ ಎಂದು ಕಾಣುತ್ತದೆ. ಆರ್‌ಪಿಎಂ ಅನ್ನು 60ರಿಂದ ಭಾಗಿಸಿ ಹೋಲಿಸಬೇಕು. ಗೆರೆ ಆ ಸಂಖ್ಯೆಯ ಅರ್ಧದ ಮೇಲಿದ್ದರೆ ಉರಿಯದ ಸಿಲಿಂಡರು. ಅದರ ಮೇಲೇ ಇದ್ದರೆ ಕ್ರ್ಯಾಂಕಿನ ವೇಗಕ್ಕೆ ತಿರುಗುವ ಫ್ಲೈವೀಲು, ಕ್ಲಚ್ಚು, ಟಾರ್ಕ್ ಟ್ಯೂಬ್ ಶಾಫ್ಟು. ಎರಡು ಪಟ್ಟಿನ ಮೇಲಿದ್ದರೆ ಬ್ಯಾಲೆನ್ಸ್ ಶಾಫ್ಟು ಇರಬಹುದು. ಮೌಂಟೂ ಸೋತಿದ್ದರೆ ಅದೇ ಗೆರೆ ಇನ್ನೂ ಎದ್ದು ಕಾಣುತ್ತದೆ. ಸಾಮಾನ್ಯ ಫೋನಿನ ಕಂಪನ ಸಂವೇದಕ ಸೆಕೆಂಡಿಗೆ ನೂರು ಚಿಲ್ಲರೆ ಸಲ ಮಾತ್ರ ಅಳೆಯುವುದರಿಂದ, ಅದರ ಅರ್ಧಕ್ಕಿಂತ ವೇಗದ ಕಂಪನವನ್ನು ಅದು ಸರಿಯಾಗಿ ಹಿಡಿಯಲಾರದು. ಹಾಗಾಗಿ 1,200 ಆರ್‌ಪಿಎಂನಂಥ ಕೆಳ ವೇಗದಲ್ಲಿ ಅಳೆಯಿರಿ. ಅಲ್ಲಿ ನೋಡಬೇಕಾದ ಸಂಖ್ಯೆಗಳು 10, 20 ಮತ್ತು 40.

ಇಷ್ಟೆಲ್ಲ ಪರೀಕ್ಷೆಗೆ ವ್ಯವಧಾನವಿರುವುದು ನಡುಕ ನಡುಕವಾಗಿಯೇ ಇರುವವರೆಗೆ. ಭಾರ ಬಿದ್ದಾಗ ಎಂಜಿನ್ನಿನ ತಳದಿಂದ ಸುತ್ತಿಗೆಯ ಪೆಟ್ಟಿನಂಥ ದಪ್ಪ ಸದ್ದು ಸೇರಿಕೊಂಡರೆ, ಅದರ ಜೊತೆ ಆಯಿಲ್ ಒತ್ತಡದ ಮುಳ್ಳು ಎಂದಿಗಿಂತ ಕೆಳಗಿಳಿದಿದ್ದರೆ, ಕನೆಕ್ಟಿಂಗ್ ರಾಡಿನ ಬೇರಿಂಗು ಸವೆದಿರಬಹುದು. ಈ ಎಂಜಿನ್ನಿನಲ್ಲಿ ಎರಡನೇ ಸಿಲಿಂಡರಿನ ರಾಡ್ ಬೇರಿಂಗಿಗೆ ಆ ಕೆಟ್ಟ ಹೆಸರಿದೆ. ಆಗ ಮನೆಯವರೆಗೆ ಹೇಗೋ ಓಡಿಸಿಕೊಂಡು ಹೋಗೋಣ ಅನ್ನಬೇಡಿ. ಅಲ್ಲೇ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕಾರನ್ನು ಲಾರಿಯ ಮೇಲೆ ಹೊರಿಸಿ ಕಳಿಸಿ.